ಕುರ್ಚಿಯಿಂದ ಏಳುವ ಬಲ: ವಯಸ್ಸಾದಂತೆ ಕಾಲಿನ ಶಕ್ತಿಯನ್ನು ಅಳೆಯುವುದು, ಬೆಳೆಸುವುದು ಹೇಗೆ?

ಮೂವತ್ತು ದಾಟಿದ ಮೇಲೆ ದೇಹದ ಸ್ನಾಯುಗಳು ಪ್ರತಿ ದಶಕಕ್ಕೆ ಸುಮಾರು ಶೇ 3ರಿಂದ 8ರಷ್ಟು ಕರಗುತ್ತವೆ. ಅರವತ್ತರ ನಂತರ ಈ ಇಳಿಕೆ ಇನ್ನಷ್ಟು ಚುರುಕಾಗುತ್ತದೆ. ಕೈಗಳಿಗಿಂತ ಕಾಲುಗಳಲ್ಲಿ, ಅದರಲ್ಲೂ ತೊಡೆಯ ಮುಂಭಾಗದಲ್ಲಿ ನಷ್ಟ ಹೆಚ್ಚು. ಅಮೆರಿಕದ ವೈದ್ಯ ಹಾಗೂ ಪೋಷಣಾ ತಜ್ಞ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಇದಕ್ಕೆ ‘ಸಾರ್ಕೊಪೀನಿಯಾ’ ಎಂಬ ಹೆಸರು ಸೂಚಿಸಿದರು. ಆದರೆ ಸ್ನಾಯುವಿನ ಗಾತ್ರ ಕುಗ್ಗುವುದಕ್ಕಿಂತ ವೇಗವಾಗಿ ಅದರ ಬಲ ಕುಗ್ಗುತ್ತದೆ, ಬಲಕ್ಕಿಂತಲೂ ವೇಗವಾಗಿ ಆ ಬಲವನ್ನು ತಟ್ಟನೆ ಪ್ರಯೋಗಿಸುವ ಸಾಮರ್ಥ್ಯ ಕುಗ್ಗುತ್ತದೆ. ಆದ್ದರಿಂದ ಕಾಲು ನೋಡಲು ಮೊದಲಿನಂತೆಯೇ ಇದೆ ಎಂಬುದು ಸಮಾಧಾನಪಡುವ ವಿಷಯವಲ್ಲ.

ಇದರ ಮೂಲ ಸ್ನಾಯುವಿನಲ್ಲಿ ಮಾತ್ರ ಇಲ್ಲ. ಸ್ನಾಯುವಿಗೆ ಆಜ್ಞೆ ಕಳುಹಿಸುವ ಬೆನ್ನುಹುರಿಯ ನರಕೋಶಗಳು ವಯಸ್ಸಾದಂತೆ ಒಂದೊಂದಾಗಿ ನಶಿಸುತ್ತವೆ; ಅವುಗಳಿಗೆ ಸೇರಿದ್ದ ಸ್ನಾಯುತಂತುಗಳಲ್ಲಿ ಕೆಲವನ್ನು ಪಕ್ಕದ ನರಕೋಶಗಳು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತವೆ, ಉಳಿದವು ಸೊರಗಿ ಹೋಗುತ್ತವೆ. ಹೆಚ್ಚು ಸೊರಗುವುದು ಶೀಘ್ರವಾಗಿ ಸಂಕುಚಿಸುವ ತಂತುಗಳು. ಎಡವಿದಾಗ ಕ್ಷಣಾರ್ಧದಲ್ಲಿ ಇನ್ನೊಂದು ಕಾಲನ್ನು ಮುಂದಿಟ್ಟು ದೇಹವನ್ನು ತಡೆದು ನಿಲ್ಲಿಸುವ ಕೆಲಸಕ್ಕೆ ಬೇಕಾದವು ಇವೇ. ಇಳಿವಯಸ್ಸಿನಲ್ಲಿ ಸಣ್ಣ ಎಡವುವಿಕೆಯೂ ದೊಡ್ಡ ಬೀಳುವಿಕೆಯಾಗುವುದಕ್ಕೆ ಇದು ಒಂದು ಮುಖ್ಯ ಕಾರಣ.

ಹಾಗಾಗಿ ಮೊದಲ ಹೆಜ್ಜೆ, ಇರುವ ಬಲವನ್ನು ಅಳೆದು ತಿಳಿಯುವುದು. ಸಾಮಾನ್ಯ ಎತ್ತರದ, ಕೈಯಾಸರೆಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಹಿಂದೆ ಸರಿಯದಂತೆ ಗೋಡೆಗೆ ಒತ್ತಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಐದು ಬಾರಿ ಪೂರ್ತಿಯಾಗಿ ಎದ್ದು ಕುಳಿತುಕೊಳ್ಳಿ. ಪಕ್ಕದಲ್ಲಿ ಒಬ್ಬರು ನಿಂತು ಸಮಯ ನೋಡಲಿ. ಏಷ್ಯಾದ ತಜ್ಞರ 2019ರ ಮಾನದಂಡದಂತೆ ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಸಾಮರ್ಥ್ಯ ಕುಗ್ಗಿರಬಹುದೆಂದು ಭಾವಿಸಬೇಕು. ಯುರೋಪಿನ ತಜ್ಞರು ಈ ಗಡಿಯನ್ನು 15 ಸೆಕೆಂಡಿಗೆ ಇಟ್ಟಿದ್ದಾರೆ. ಕೈಯೂರದೆ ಏಳಲು ಸಾಧ್ಯವೇ ಆಗದಿದ್ದರೆ ಅದನ್ನೂ ಬರೆದಿಡಿ, ಏಕೆಂದರೆ ಮುಂದಿನ ಅಭ್ಯಾಸ ಅಲ್ಲಿಂದಲೇ ಶುರುವಾಗಬೇಕು.

ಎರಡನೆಯ ಹೆಜ್ಜೆ ಅಭ್ಯಾಸ. ಪರೀಕ್ಷೆಗೆ ಬಳಸಿದ ಚಲನೆಯೇ ಇಲ್ಲಿ ಮುಖ್ಯ ವ್ಯಾಯಾಮವೂ ಹೌದು. ಪಾದಗಳನ್ನು ಸೊಂಟದಷ್ಟು ಅಗಲಕ್ಕಿಟ್ಟು, ದೇಹವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಉಸಿರು ಬಿಡುತ್ತಾ ಚುರುಕಾಗಿ ಎದ್ದು ನಿಲ್ಲಿ. ಕುಳಿತುಕೊಳ್ಳುವಾಗ ಮಾತ್ರ ಧೊಪ್ಪನೆ ಬೀಳದೆ, ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಇಳಿಯಿರಿ. ಚುರುಕಾಗಿ ಏಳುವುದು ಶೀಘ್ರ ತಂತುಗಳಿಗೆ ಕೆಲಸ ಕೊಡುತ್ತದೆ, ನಿಧಾನವಾಗಿ ಕೂರುವುದು ಮೆಟ್ಟಿಲಿಳಿಯುವಾಗ ಬೇಕಾದ ಹಿಡಿತವನ್ನು ಬೆಳೆಸುತ್ತದೆ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುವುದರಿಂದ ಅದನ್ನು ಮಾಡಲೇಬಾರದು. ಎಂಟರಿಂದ ಹನ್ನೆರಡು ಬಾರಿ ಮಾಡಿ, ತುಸು ದಣಿವಾರಿಸಿಕೊಂಡು ಇನ್ನೊಂದು ಸುತ್ತು ಮಾಡಿ. ಕೊನೆಯ ಎರಡು ಬಾರಿ ಏಳುವುದು ಕಷ್ಟವೆನಿಸಬೇಕು. ಎನಿಸದಿದ್ದರೆ ಎದೆಗೆ ಒಂದು ಭಾರದ ಚೀಲವನ್ನು ಅವಚಿಕೊಳ್ಳಿ ಅಥವಾ ಇನ್ನೂ ತಗ್ಗಿನ ಆಸನವನ್ನು ಆರಿಸಿ. ಏಳಲಾಗದವರು ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿಕೊಂಡು, ಕೆಲವು ವಾರಗಳಲ್ಲಿ ಅದನ್ನು ತೆಗೆಯುವ ಗುರಿ ಇಟ್ಟುಕೊಳ್ಳಬಹುದು.

ಇದರ ಜೊತೆಗೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಮೀನಖಂಡಕ್ಕೆ, ಕಾಲನ್ನು ಪಕ್ಕಕ್ಕೆ ಎತ್ತುವುದು ಸೊಂಟದ ಬದಿಯ ಸ್ನಾಯುಗಳಿಗೆ, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು ಇಡೀ ಕಾಲಿಗೆ ಒಳ್ಳೆಯದು. 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ, ಮೂರು ದಿನ ಸಮತೋಲನಕ್ಕೆ ಒತ್ತು ಕೊಡುವ ಚಟುವಟಿಕೆಯನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ‘ನಾನು ದಿನವೂ ನಡೆಯುತ್ತೇನಲ್ಲ’ ಎನ್ನುವವರು ಅನೇಕರು. ನಡಿಗೆ ಹೃದಯಕ್ಕೆ ಅಮೂಲ್ಯ. ಆದರೆ ಸಮತಟ್ಟಾದ ನೆಲದ ಮೇಲಿನ ನಿಧಾನ ನಡಿಗೆಯ ಹೊರೆ ಶೀಘ್ರ ತಂತುಗಳನ್ನು ಎಚ್ಚರಿಸುವಷ್ಟು ದೊಡ್ಡದಲ್ಲ. ನಡಿಗೆಯನ್ನು ಬಿಡಬೇಡಿ, ಅದನ್ನೇ ನೆಚ್ಚಿಕೊಳ್ಳಲೂ ಬೇಡಿ.

ಈ ವಯಸ್ಸಿನಲ್ಲಿ ಇದೆಲ್ಲ ಫಲಿಸೀತೇ ಎಂಬ ಅನುಮಾನಕ್ಕೆ 1990ರಲ್ಲಿಯೇ ಉತ್ತರ ಸಿಕ್ಕಿದೆ. ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದಾಗ, ಅದನ್ನು ಪೂರೈಸಿದವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಬಲದ ಹೆಚ್ಚಳಕ್ಕೆ ಹೋಲಿಸಿದರೆ ಸ್ನಾಯುವಿನ ಗಾತ್ರ ಬೆಳೆದದ್ದು ಕಡಿಮೆ.

ವ್ಯಾಯಾಮಕ್ಕೆ ತಕ್ಕ ಆಹಾರವೂ ಬೇಕು. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಒಳ್ಳೆಯದೆಂದು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರಮಾಣ ಹೆಚ್ಚಿಸಬಾರದು.

ವ್ಯಾಯಾಮದ ವೇಳೆ ಎದೆನೋವು ಅಥವಾ ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಒಂದೇ ಕಾಲು ಹಠಾತ್ತನೆ ಸೋತರೆ ಅದು ವಯಸ್ಸಿನ ದೌರ್ಬಲ್ಯವಲ್ಲ, ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ತಡಮಾಡದೆ ಆಸ್ಪತ್ರೆ ಸೇರಬೇಕು. ಕೆಲವೇ ವಾರಗಳಲ್ಲಿ ಎರಡೂ ತೊಡೆಗಳು ಸೋಲುತ್ತಾ ಬಂದರೆ ಥೈರಾಯ್ಡ್, ವಿಟಮಿನ್ ಡಿ ಮತ್ತು ಸೇವಿಸುತ್ತಿರುವ ಔಷಧಗಳ ಕುರಿತು ವೈದ್ಯರೊಂದಿಗೆ ಮಾತನಾಡಬೇಕು. ಕಾಯಿಲೆಯಿಂದ ಹಾಸಿಗೆ ಹಿಡಿದವರಲ್ಲಿ ಕೆಲವೇ ದಿನಗಳಲ್ಲಿ ಕಾಲಿನ ಸ್ನಾಯು ಗಮನಾರ್ಹವಾಗಿ ಕರಗುತ್ತದೆ. ಆದ್ದರಿಂದ ವೈದ್ಯರು ಅನುಮತಿಸಿದ ದಿನವೇ ಮಂಚದ ಅಂಚಿನಲ್ಲಿ ಕುಳಿತು, ಒಬ್ಬರ ಆಸರೆಯಲ್ಲಿ ಎದ್ದು ನಿಲ್ಲುವುದನ್ನು ಆರಂಭಿಸಬೇಕು.