ಕಾಡುಕತ್ತೆಗಳನ್ನು ಬೆನ್ನಟ್ಟುವುದನ್ನು ಬಿಟ್ಟ ಮೇಲೆ

ಗುಜರಾತಿನ ಉಪ್ಪುನೆಲದ ಬಯಲಾದ ಕಛ್‌ನ ಚಿಕ್ಕ ರಣ್‌ಗೆ ಬೆಂಗಳೂರಿನಿಂದ ಛಾಯಾಗ್ರಾಹಕರನ್ನು ಕರೆದೊಯ್ಯುವ ನಾವೆಲ್ಲರೂ ವರ್ಷಗಟ್ಟಲೆ ಒಂದೇ ಕ್ರಮವನ್ನು ಪಾಲಿಸುತ್ತಿದ್ದೆವು: ಜೀಪಿಗೆ ಆರು ಮಂದಿ, ಕಂಡ ಹಿಂಡಿನ ಹಿಂದೆಲ್ಲ ಓಟ. ಸುಮಾರು 4,950 ಚದರ ಕಿಲೋಮೀಟರಿನ ಅಲ್ಲಿನ ಕಾಡುಕತ್ತೆ ಅಭಯಾರಣ್ಯದ ಬಹುಭಾಗ ಮರೆಯೇ ಇಲ್ಲದ ಬಯಲು. ಗಂಟೆಗೆ 70 ಕಿಲೋಮೀಟರಿನ ಆಸುಪಾಸು ಓಡಬಲ್ಲ ಕಾಡುಕತ್ತೆಯನ್ನು ಅಲ್ಲಿ ಬೆನ್ನಟ್ಟಿದರೆ ಚಿತ್ರದಲ್ಲಿ ಉಳಿಯುವುದು ಅದರ ಬಾಲ ಮಾತ್ರ. ಜೀಪಿಗೆ ಮೂವರು ಸಾಕು, ಜೀಪನ್ನು ಒಂದೇ ಕಡೆ ನಿಲ್ಲಿಸುತ್ತೇನೆ ಎಂದಾಗ, "ದುಡ್ಡು ಕೊಟ್ಟವರನ್ನು ಖಾಲಿ ಬಯಲಿನಲ್ಲಿ ಕೂರಿಸಿದರೆ ಮುಂದಿನ ವರ್ಷ ಯಾರು ಬರುತ್ತಾರೆ ಸಾರ್?" ಎಂದು ಜೊತೆಯವರು ನಕ್ಕಿದ್ದರು.

ನನ್ನ ಲೆಕ್ಕವೆಲ್ಲ ಕತ್ತೆಗಳ ದಿನಚರಿಯ ಮೇಲೆ ನಿಂತಿತ್ತು. ರಾತ್ರಿ ಅವು ರಣ್‌ನ ಅಂಚಿನ ಹೊಲಗಳಿಗೆ ನುಗ್ಗಿ ಮೇಯುತ್ತವೆ. ಬೆಳಕು ಹರಿಯುವಾಗ ಬಯಲಿಗೂ, ಮಳೆಗಾಲದಲ್ಲಿ ದ್ವೀಪಗಳಂತೆ ಉಳಿಯುವ 'ಬೇಟ್' ಎಂಬ ದಿಬ್ಬಗಳಿಗೂ ಮರಳುತ್ತವೆ. ಬಜಾಣಾ, ಝೈನಾಬಾದ್ ಕಡೆಯ ಹೊಲಗಳಿರುವುದು ರಣ್‌ನ ಪೂರ್ವಕ್ಕೆ. ಹಾಗಾಗಿ ಕತ್ತಲಿರುವಾಗಲೇ ಅವುಗಳ ದಾರಿಯ ಪಶ್ಚಿಮಕ್ಕೆ ಹೋಗಿ ಕುಳಿತರೆ, ಹಿಂಡು ಸೂರ್ಯನಿಗೆ ಬೆನ್ನುಮಾಡಿಕೊಂಡು ನಮ್ಮತ್ತಲೇ ನಡೆದುಬರುತ್ತದೆ, ಗೊರಸಿನ ಧೂಳು ಹೊಂಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, ಒಂದೂವರೆ ಸ್ಟಾಪಿನಷ್ಟು ತಗ್ಗಿಸಿಟ್ಟರೆ ಸಾಕು. ಆ ದಾರಿಯನ್ನು ಹಿಂದಿನ ಸಂಜೆಯೇ ಗುರುತಿಸಿಕೊಳ್ಳಬೇಕು. ಹೇಗೆ ಎಂಬುದನ್ನು ನಾನೂ ನನ್ನ ಚಾಲಕನೂ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಹಣದ ವಿಷಯದಲ್ಲಿ ಆರಂಭ ಕಷ್ಟದ್ದೇ ಆಗಿತ್ತು. ಆರು ಮಂದಿ ಹಂಚಿಕೊಳ್ಳುತ್ತಿದ್ದ ಬಾಡಿಗೆ ಮೂವರ ಮೇಲೆ ಬಿದ್ದುದರಿಂದ, ಅಹಮದಾಬಾದಿನಿಂದಾಚೆಗೆ ತಲೆಗೆ ಇಪ್ಪತ್ತೆರಡು ಸಾವಿರದಷ್ಟಿದ್ದ ಶುಲ್ಕ ಮೂವತ್ತು ದಾಟಿತು. ಮೊದಲ ಚಳಿಗಾಲ ಸೀಟುಗಳು ತುಂಬದೆ ಕೈಯಿಂದ ನಲವತ್ತು ಸಾವಿರದ ಹತ್ತಿರ ಹೋಯಿತು. ತುಂಬಿದ ತಂಡಕ್ಕೂ ಒಂದು ಬೆಳಿಗ್ಗೆ ಮಂಜು ಕವಿದು ಏನೂ ಕಾಣಲಿಲ್ಲ. ಮತ್ತೊಂದು ಬೆಳಿಗ್ಗೆ ಬೇರೊಂದು ಜೀಪು ಅಡ್ಡಬಂದು ಹಿಂಡನ್ನು ಚದುರಿಸಿತು. ಮೃಗಾಲಯವೇ ವಾಸಿಯಿತ್ತು ಎಂದು ಗೊಣಗಿದ ಹಿರಿಯರೊಬ್ಬರು, ಮರುದಿನ ಎರಡು ಗಂಡುಗಳು ಎಂಬತ್ತು ಮೀಟರಿನೊಳಗೆ ಹಿಂಗಾಲ ಮೇಲೆದ್ದು ಕಚ್ಚಾಡಿದ್ದನ್ನು ಸೆರೆಹಿಡಿದು, ಅಲ್ಲಿಯೇ ಮುಂದಿನ ವರ್ಷದ ಮುಂಗಡ ಕೊಟ್ಟರು. ಅಂದು ನಕ್ಕವರಲ್ಲಿ ಇಬ್ಬರು ಈಗ ಜೀಪಿಗೆ ನಾಲ್ವರನ್ನೇ ಹತ್ತಿಸುತ್ತಿದ್ದಾರೆ. ನನಗೆ ಅದಕ್ಕಿಂತ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಚಿತ್ರ ಹಾಳುಮಾಡುವುದರಲ್ಲಿ ಧೂಳಿಗಿಂತ ಬಿಸಿಗಾಳಿಯ ನಡುಕವೇ ಮುಂದು. ಒಂಬತ್ತು ಗಂಟೆಯ ನಂತರ ನೆಲ ಕಾದು ಐನೂರು ಮಿಲಿಮೀಟರಿನ ಲೆನ್ಸಿನಲ್ಲಿ ಕತ್ತೆಯ ಕಾಲುಗಳು ನೀರಿನಲ್ಲಿ ನಿಂತಂತೆ ಅಲುಗುತ್ತವೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ನಸುಕಿನಲ್ಲಿ ನೆಲಕ್ಕೆ ಮಲಗಿ ತೆಗೆಯುವುದು ಚೆನ್ನ, ಆದರೆ ಬಿಸಿಲೇರಿದ ಮೇಲೆ ಜೀಪಿನ ಮೇಲೆ ನಿಂತರೇ ನಡುಕ ಕಡಿಮೆ. ಚಳಿಯ ಬೆಳಗಿನಲ್ಲಿ ಬಿಸಿ ಬಾನೆಟ್ಟಿನ ಮೇಲೆ ಲೆನ್ಸಿಗೆ ಆಸರೆಯಾಗುವ ಬೀನ್‌ಬ್ಯಾಗ್ ಚೀಲ ಇಟ್ಟರೂ ಇದೇ ತೊಂದರೆ, ಆದ್ದರಿಂದ ಅರ್ಧ ಗಂಟೆ ಮೊದಲೇ ಹೋಗಿ ಎಂಜಿನ್ ಆರಿಸುತ್ತೇನೆ. ವಿಮಾನದ ತೂಕ ಉಳಿಸಲು ಬೀನ್‌ಬ್ಯಾಗನ್ನು ಖಾಲಿ ಒಯ್ದು, ಉಪ್ಪಿನ ನಾಡಲ್ಲವೇ ಎಂದು ಒಮ್ಮೆ ಉಪ್ಪನ್ನೇ ತುಂಬಿಸಿದೆ. ಇಬ್ಬನಿಗೆ ಅದು ಗಟ್ಟಿಯಾಗಿ ಇಟ್ಟಿಗೆಯಾಯಿತು. ಈಗ ಊರಿನ ಅಂಗಡಿಯಲ್ಲಿ ಸಜ್ಜೆ ಕೊಂಡು ತುಂಬಿಸಿ, ಹೊರಡುವಾಗ ಚಾಲಕನ ಮನೆಗೆ ಕೊಟ್ಟುಬರುತ್ತೇನೆ.

ಮಧ್ಯಾಹ್ನ ಯಾರನ್ನೂ ಹೊರಡಿಸುವುದಿಲ್ಲ. ಸಂಜೆ, ಉಪ್ಪು ತೆಗೆಯುವ ಅಗರಿಯಾ ಕುಟುಂಬಗಳ ಪಾತಿಗಳು, ಅದೃಷ್ಟವಿದ್ದರೆ ಹೌಬಾರಾ ಹಕ್ಕಿ, ಇಲ್ಲವೇ ನಮ್ಮ ಬಳ್ಳಾರಿ ಜಾಲಿಯ ಪೊದೆಗಳ ಬಳಿ ಮರುಭೂಮಿ ನರಿಯ ಬಿಲ. ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅಭಯಾರಣ್ಯ ಮುಚ್ಚಿರುತ್ತದೆ, ತೆರೆದ ಮೇಲೂ ಕೆಲ ವಾರ ಕೆಸರು ಆರಿರುವುದಿಲ್ಲ. ಹಾಗಾಗಿ ಡಿಸೆಂಬರಿಗೆ ಮುಂಚೆ ನಾನು ತಂಡ ಕಟ್ಟುವುದಿಲ್ಲ.