ಮಕ್ಕಳ ದದ್ದಿಗೆ ಗ್ಲಾಸು, ಪೆನ್ನು, ಟಾರ್ಚು: ನನ್ನ ಅನುಭವ

ಉಡುಪಿಯಲ್ಲಿ ಮಕ್ಕಳ ಕ್ಲಿನಿಕ್ ನಡೆಸುತ್ತೇನೆ. ದದ್ದು ನೋಡಲು ಗಾಜಿನ ಲೋಟ, ಬಾಲ್‌ಪೆನ್ನು, ಟಾರ್ಚು ಸಾಕು ಅಂದಾಗ ಜೊತೆಯ ಡಾಕ್ಟರುಗಳು ನಕ್ಕಿದ್ದರು. ಈಗ ಅವರೇ ಕೇಸು ಕಳಿಸುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮಾಸ್ಕೋಪ್‌ಗೆ 40 ಸಾವಿರದ ಹತ್ತಿರ ಸುರಿದೆ. ಒಳ್ಳೆ ಸಾಮಾನೇ, ಆದರೆ ಎರಡು ವರ್ಷದ ಮಗು ಅಲ್ಲಾಡದೆ ಕೂರಬೇಕಲ್ವಾ? ಆಮೇಲೆ ವಾಟ್ಸಾಪ್‌ನಲ್ಲಿ ಫೋಟೊ ತರಿಸಿದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊದಲ್ಲಿ ನಮ್ಮ ಮಕ್ಕಳ ಕಂದು ಮೈಮೇಲೆ ಕೆಂಪೇ ಕಾಣುವುದಿಲ್ಲ. ಕಿಟಕಿ ಹತ್ತಿರ ತೆಗೆದರೆ ಪರವಾಗಿಲ್ಲ, ಆದರೆ ಜುಲೈ ಮಳೆಯಲ್ಲಿ ಬೆಳಕೆಲ್ಲಿದೆ?

ಈಗ ಜ್ವರ ಇದ್ದರೆ ಮೊದಲ ಕೆಲಸ ದದ್ದಿನ ಮೇಲೆ ಗ್ಲಾಸು ಒತ್ತಿ, ಗಾಜಿನ ಮೂಲಕ ನೋಡುವುದು. ಬಣ್ಣ ಮಾಯವಾಗದಿದ್ದರೆ ಸೀದಾ ದೊಡ್ಡ ಆಸ್ಪತ್ರೆಗೆ, ಮಿದುಳಿನ ಪೊರೆಗೂ ರಕ್ತಕ್ಕೂ ಸೋಂಕು ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಇರಲಿ ಡೆಂಗಿ ಇರಲಿ, ಹೆಸರು ಅಲ್ಲಿ ಹುಡುಕಿಕೊಳ್ಳಲಿ. ಮೈ ಕಪ್ಪಿದ್ದರೆ ಅಂಗಾಲು, ಅಂಗುಳ, ರೆಪ್ಪೆಯ ಒಳಗೆ ನೋಡಿ. ಡೆಂಗಿ ಇಳಿಯುವಾಗ ಕೆಂಪಿನ ನಡುವೆ ಬಿಳಿ ಚುಕ್ಕೆ ಉಳಿಯುವ ದದ್ದು ಬೇರೆ, ಆದರೂ ಸಿಬಿಸಿ (ರಕ್ತಕಣಗಳ ಎಣಿಕೆ) ನೋಡದೆ ನಾನು ಬಿಡುವುದಿಲ್ಲ.

ಗಂಧೆಯಂತೆ ಕಂಡರೆ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಮರುದಿನ ಬರಹೇಳುತ್ತೇನೆ. ಗೆರೆಯೊಳಗೆ ಖಾಲಿ, ಬೇರೆ ಕಡೆ ಎದ್ದಿದೆ ಅಂದರೆ ಪಿತ್ತದ ಗಂಧೆಯೇ. ಅಲ್ಲೇ ಕೂತಿದ್ದರೆ ಬೇರೆ ಹುಡುಕಬೇಕು.

ಅಮ್ಮಂದಿರು ಹೊಟ್ಟೆ ತೋರಿಸುತ್ತಾರೆ, ನಾನು ಬಾಯಿ, ಅಂಗಾಲು, ಕುಂಡೆ, ಬೆರಳ ಸಂದು, ತಲೆ ನೋಡುತ್ತೇನೆ. ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ ಇದ್ದರೆ ಕೈ ಕಾಲು ಬಾಯಿ ರೋಗ. ತಲೆಯಲ್ಲೂ ಗುಳ್ಳೆ, ಹೊಸದು ಹಳೆಯದು ಒಟ್ಟಿಗೇ ಇದ್ದರೆ ಸೀತಾಳೆ ಸಿಡುಬು. ಕಿವಿ ಹಿಂದಿನಿಂದ ಇಳಿದು ಬಂದಿದ್ದು, ಕೆಮ್ಮು, ಕಣ್ಣು ಕೆಂಪು ಇದ್ದರೆ ದಡಾರ.

ಜನರ ದುಡ್ಡು ಜಾಸ್ತಿ ಪೋಲಾಗುವುದು ಕಜ್ಜಿಯಲ್ಲಿ. ಮೆಡಿಕಲ್‌ನಿಂದ ಸ್ಟೀರಾಯ್ಡ್ ಬೆರೆತ ಕ್ರೀಮು ತಂದು ಹಚ್ಚಿ ಗುರುತೇ ಸಿಗದಂತೆ ಮಾಡಿಕೊಂಡು ಬರುತ್ತಾರೆ. ನಾನು ಕೇಳುವುದು, ರಾತ್ರಿ ಮನೆಯಲ್ಲಿ ಇನ್ಯಾರು ತುರಿಸಿಕೊಳ್ಳುತ್ತಾರೆ ಅಂತ. ಪಕ್ಕದಲ್ಲಿದ್ದ ಅಜ್ಜಿ ಕೈ ಚಾಚಿದರೆ ಡಯಾಗ್ನೋಸಿಸ್ ಮುಗಿಯಿತು. ಕಜ್ಜಿಯ ಹುಳು ಕೊಲ್ಲುವ ಪರ್ಮೆಥ್ರಿನ್ ಕ್ರೀಮು ಇಡೀ ಮನೆಯವರಿಗೆ ಒಂದೇ ರಾತ್ರಿ, ವಾರ ಬಿಟ್ಟು ಇನ್ನೊಮ್ಮೆ. ಐದಾರು ಜನರಿದ್ದರೆ ಸಾವಿರದ ಹತ್ತಿರ ಆಗುತ್ತದೆ, ಗೊಣಗುತ್ತಾರೆ. ಮಗುವಿಗೊಂದೇ ಟ್ಯೂಬ್ ಬರೆದರೆ ಮತ್ತೆ ಬರುವುದು ಗ್ಯಾರಂಟಿ.

ಟಾರ್ಚನ್ನು ನೇರ ಬಿಡಬೇಡಿ, ಪಕ್ಕದಿಂದ ಹಿಡಿಯಿರಿ. ಸಣ್ಣ ಬೆವರುಸಾಲೆಯೂ ನೆರಳು ಕೊಡುತ್ತದೆ. ಎಷ್ಟು ಓರೆ ಅನ್ನುವುದು, ಮಗು ತಾನಾಗಿ ಅಂಗೈ ಬಿಡಿಸುವಂತೆ ಮಾಡುವುದು, ಈ ಎರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಕ್ಲಿನಿಕ್‌ಗೆ ಬಂದು ನೋಡಿ. ಸದ್ಯಕ್ಕೆ ಪೆನ್ನಿನ ಬಣ್ಣ ಬದಲಾಯಿಸಿ ನೋಡುತ್ತಿದ್ದೇನೆ. ಕಪ್ಪು ಮೈಮೇಲೆ ನೀಲಿ ಕಾಣುವುದಿಲ್ಲ, ಕೆಂಪು ದದ್ದಿನ ಜೊತೆ ಬೆರೆಯುತ್ತದೆ, ಹಸಿರು ಸ್ನಾನಕ್ಕೆ ಹೋಗಿಬಿಡುತ್ತದೆ.