ಕತೆ ಕಳಿಸುವವರ ಖಾತೆಪುಸ್ತಕ: ಸ್ವೀಕಾರ, ವಿಷಾದಪತ್ರ, ವಿಮರ್ಶೆಗಳನ್ನು ನಿಭಾಯಿಸುವ ಬಗೆ

ವೈಜ್ಞಾನಿಕ ಕತೆ, ಫ್ಯಾಂಟಸಿ, ಭಯಾನಕ ಕತೆಗಳ ಇಂಗ್ಲಿಷ್ ಪತ್ರಿಕಾಲೋಕದಲ್ಲಿ ಒಂದು ಕತೆ ಹತ್ತು ಕಡೆಯಿಂದ ಹಿಂದಕ್ಕೆ ಬಂದು ಹನ್ನೊಂದನೆಯ ಕಡೆ ಅಚ್ಚಾಗುವುದು ಮಾಮೂಲಿ ಸಂಗತಿ. ನಾಲ್ಕೈದು ಕತೆಗಳು ಹೀಗೆ ಓಡಾಡತೊಡಗಿದರೆ ಯಾವುದು ಎಲ್ಲಿದೆ ಎನ್ನುವುದು ತಲೆಯಲ್ಲಿ ನಿಲ್ಲುವುದಿಲ್ಲ. ಒಂದೇ ಪತ್ರಿಕೆಗೆ ಅದೇ ಕತೆಯನ್ನು ಎರಡು ಸಲ ಕಳಿಸಿಬಿಡುತ್ತೀರಿ. ಇಲ್ಲವೇ 'ಬೇಡ' ಎಂಬ ಉತ್ತರ ಬಂದ ಕತೆ ಆರು ತಿಂಗಳು ಸುಮ್ಮನೆ ಕಂಪ್ಯೂಟರಿನಲ್ಲಿ ಮಲಗಿರುತ್ತದೆ. ಎರಡನೆಯದೇ ಹೆಚ್ಚು ನಷ್ಟದ್ದು. ಆದ್ದರಿಂದ ಮೊದಲ ಕತೆ ಕಳಿಸುವ ದಿನವೇ ಖಾತೆ ತೆರೆಯಿರಿ. ಎಕ್ಸೆಲ್ ಆದರೂ ಸರಿ, ರೂಲು ಎಳೆದ ನೋಟ್‌ಬುಕ್ ಆದರೂ ಸರಿ.

ಒಂಬತ್ತು ಕಾಲಂ ಸಾಕು: ಕತೆಯ ಹೆಸರು, ಪದಸಂಖ್ಯೆ, ಪತ್ರಿಕೆ, ಕಳಿಸಿದ ದಿನ, ವಿಚಾರಿಸಬಹುದಾದ ದಿನ, ಉತ್ತರ ಬಂದ ದಿನ, ಉತ್ತರದ ಬಗೆ, ಸಂಪಾದಕರ ಮಾತು, ಮುಂದಿನ ಪತ್ರಿಕೆ. ಇದರಲ್ಲಿ ಕೊನೆಯ ಕಾಲಮ್ಮೇ ಜೀವಾಳ. ಅದನ್ನು ಕತೆ ಕಳಿಸುವ ಮೊದಲೇ ತುಂಬಬೇಕು, ಉತ್ತರ ಬಂದಮೇಲೆ ಅಲ್ಲ. 'ಬೇಡ' ಎಂಬ ಉತ್ತರ ಓದಿದ ಸಂಜೆ ಹೊಸ ಪತ್ರಿಕೆ ಹುಡುಕುವ ಮನಸ್ಸು ಯಾರಿಗೂ ಇರುವುದಿಲ್ಲ. ಹೆಸರು ಮೊದಲೇ ಬರೆದಿದ್ದರೆ ಅರ್ಧ ಗಂಟೆಯಲ್ಲಿ ಕತೆ ಮತ್ತೆ ಹೊರಟಿರುತ್ತದೆ.

ಒಂದು ಸಾಲು ಹೇಗಿರುತ್ತದೆ ನೋಡಿ. 4,200 ಪದಗಳ ಕತೆ, ಜನವರಿ 12ಕ್ಕೆ ಕಳಿಸಿದ್ದು. 90 ದಿನ ಆಗುವವರೆಗೆ ವಿಚಾರಿಸಬೇಡಿ ಎಂದು ಪತ್ರಿಕೆಯ ನಿಯಮದಲ್ಲಿದೆ. ಹಾಗಾದರೆ ಐದನೆಯ ಕಾಲಮ್ಮಿನಲ್ಲಿ ಏಪ್ರಿಲ್ 12 ಎಂದು ಬರೆಯಿರಿ, ಫೋನಿನ ಕ್ಯಾಲೆಂಡರಿಗೂ ಹಾಕಿ. ಆ ದಿನದ ತನಕ ಆ ಕತೆಯ ಯೋಚನೆ ಬೇಡ. ಆ ದಿನ ದಾಟಿದರೆ ಎರಡು ಸಾಲಿನ ಮೇಲ್: ಕತೆಯ ಹೆಸರು, ಕಳಿಸಿದ ದಿನಾಂಕ, ಇನ್ನೂ ಪರಿಶೀಲನೆಯಲ್ಲಿದೆಯೇ ಎಂಬ ಪ್ರಶ್ನೆ. ಅದಕ್ಕೂ ತಿಂಗಳುಗಟ್ಟಲೆ ಉತ್ತರವಿಲ್ಲದಿದ್ದರೆ 'ಕತೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ' ಎಂದು ಇನ್ನೊಂದು ಮೇಲ್ ಕಳಿಸಿ ಮುಂದಕ್ಕೆ ಹೋಗಬಹುದು.

ಪತ್ರಿಕೆ ಹುಡುಕಲು 'ದಿ ಸಬ್‌ಮಿಷನ್ ಗ್ರೈಂಡರ್' ಎಂಬ ಉಚಿತ ತಾಣ 2013ರಿಂದ ಇದೆ. ಪ್ರಕಾರ, ಪದಸಂಖ್ಯೆ, ಸಂಭಾವನೆ ಮೂರನ್ನೂ ಕೊಟ್ಟರೆ ಈಗ ಬಾಗಿಲು ತೆರೆದಿರುವ ಪತ್ರಿಕೆಗಳ ಪಟ್ಟಿ ಸಿಗುತ್ತದೆ. ಲೇಖಕರೇ ದಾಖಲಿಸಿದ ಉತ್ತರದ ಅವಧಿಯೂ ಅಲ್ಲಿದೆ. ಒಂದು ಪತ್ರಿಕೆ ಸಾಮಾನ್ಯವಾಗಿ ಎಷ್ಟು ದಿನಕ್ಕೆ 'ಬೇಡ' ಎನ್ನುತ್ತದೆ, ಎಷ್ಟು ದಿನಕ್ಕೆ 'ಬೇಕು' ಎನ್ನುತ್ತದೆ ಎಂದು ಅದರಿಂದ ತಿಳಿಯುತ್ತದೆ. ಡ್ಯುಯೋಟ್ರೋಪ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಚಂದಾ ಕಟ್ಟಬೇಕು. ಸಂಭಾವನೆಯ ಅಳತೆಗೋಲು ಅಮೆರಿಕದ ವೈಜ್ಞಾನಿಕ ಕತೆ, ಫ್ಯಾಂಟಸಿ ಲೇಖಕರ ಸಂಘವಾದ ಎಸ್‌ಎಫ್‌ಡಬ್ಲ್ಯುಎ 2019ರಲ್ಲಿ ನಿಗದಿ ಮಾಡಿದ ದರ: ಪದಕ್ಕೆ 8 ಸೆಂಟ್. ಮೇಲಿನ 4,200 ಪದಗಳ ಕತೆಗೆ 336 ಡಾಲರ್ ಆಯಿತು. ಕತೆ ಓದಲು ಲೇಖಕರಿಂದಲೇ ದುಡ್ಡು ಕೇಳುವ ಕಡೆಗೆ ಕಳಿಸಬೇಡಿ. ಒಳ್ಳೆಯ ಸಂಭಾವನೆ ಕೊಟ್ಟು, ಶುಲ್ಕವಿಲ್ಲದೆ ಓದುವ ಪತ್ರಿಕೆಗಳು ಈ ಪ್ರಕಾರದಲ್ಲಿ ಬೇಕಾದಷ್ಟಿವೆ. ಹೆಚ್ಚು ಸಂಭಾವನೆ ಕೊಡುವ ಪತ್ರಿಕೆಯಿಂದ ಶುರುಮಾಡಿ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಇಳಿಯಿರಿ. 'ನನ್ನ ಕತೆಗೆ ಇಷ್ಟೇ ಯೋಗ್ಯತೆ' ಎಂದು ನೀವೇ ತೀರ್ಮಾನಿಸಿ ಕೆಳಗಿನಿಂದ ಶುರುಮಾಡಬೇಡಿ. ತೀರ್ಮಾನಿಸುವುದು ಸಂಪಾದಕರ ಕೆಲಸ.

ಹಸ್ತಪ್ರತಿಗೆ ಹೆಚ್ಚಿನ ಪತ್ರಿಕೆಗಳು ಕೇಳುವುದು ಅಮೆರಿಕದ ಲೇಖಕ ವಿಲಿಯಂ ಶನ್ ರೂಪಿಸಿದ ಮಾದರಿ: 12 ಪಾಯಿಂಟ್ ಅಕ್ಷರ, ನಾಲ್ಕೂ ಕಡೆ 1 ಇಂಚು ಅಂಚು, ಸಾಲುಗಳ ನಡುವೆ ಡಬಲ್ ಸ್ಪೇಸ್, ಮೊದಲ ಪುಟದ ಎಡಮೂಲೆಯಲ್ಲಿ ಹೆಸರು ವಿಳಾಸ, ಬಲಮೂಲೆಯಲ್ಲಿ ನೂರಕ್ಕೆ ಸರಿಹೊಂದಿಸಿದ ಪದಸಂಖ್ಯೆ. ಎರಡನೆಯ ಪುಟದಿಂದ ತಲೆಬರಹದಲ್ಲಿ (ಪುಟದ ಮೇಲಂಚಿನ ಸಾಲಿನಲ್ಲಿ) ಸರ್‌ನೇಮ್, ಕತೆಯ ಹೆಸರಿನ ಒಂದು ಪದ, ಪುಟಸಂಖ್ಯೆ. ನಮ್ಮವರು ತೊಡರುವುದು ಇಲ್ಲೇ. ಇನಿಷಿಯಲ್ ಮತ್ತು ಹೆಸರು ಮಾತ್ರ ಇರುವವರು ಸರ್‌ನೇಮ್ ಜಾಗದಲ್ಲಿ ಏನು ಬರೆಯಬೇಕು? ಎಡಮೂಲೆಯಲ್ಲಿ ಪ್ಯಾನ್ ಕಾರ್ಡಿನಲ್ಲಿರುವಂತೆಯೇ ಹೆಸರು ಬರೆಯಿರಿ, ಹಣ ಬರುವುದು ಆ ಹೆಸರಿಗೆ. ಶೀರ್ಷಿಕೆಯ ಕೆಳಗೆ ನಿಮ್ಮ ಬರಹದ ಹೆಸರು. ತಲೆಬರಹಕ್ಕೆ ಆ ಬರಹದ ಹೆಸರಿನ ಮುಖ್ಯ ಪದ. ಮೊದಲ ಕತೆಯಲ್ಲಿ ಇನಿಷಿಯಲ್ ಹಾಕಿ, ಎರಡನೆಯದರಲ್ಲಿ ಊರಿನ ಹೆಸರು ಸೇರಿಸಿ, ಮೂರನೆಯದರಲ್ಲಿ ಎರಡನ್ನೂ ಬಿಟ್ಟರೆ ಓದುಗರಿಗೆ, ವಿಮರ್ಶಕರಿಗೆ ನೀವು ಮೂರು ಬೇರೆಬೇರೆ ಜನ. ಒಂದು ರೂಪ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಅನಾಮಧೇಯವಾಗಿ, ಅಂದರೆ ಲೇಖಕರ ಹೆಸರು ನೋಡದೆ ಓದುವ ಪತ್ರಿಕೆಗೆ ಕಳಿಸುವಾಗ ಮಾತ್ರ ಇವೆಲ್ಲವನ್ನೂ ತೆಗೆಯಬೇಕು, ಕಡತದ ಹೆಸರಿನಿಂದಲೂ.

ಜೊತೆಗಿಡುವ ಪತ್ರ ಮೂರು ನಾಲ್ಕು ವಾಕ್ಯಕ್ಕಿಂತ ಹೆಚ್ಚು ಬೇಡ: ಕತೆಯ ಹೆಸರು, ಪದಸಂಖ್ಯೆ, ಹಿಂದೆ ಪ್ರಕಟವಾಗಿದ್ದರೆ ಎರಡು ಮೂರು ಹೆಸರು, ಧನ್ಯವಾದ. ಕತೆಯ ಸಾರಾಂಶ ಬರೆಯಬೇಡಿ. ಅಮೆರಿಕದ ವೈಜ್ಞಾನಿಕ ಕತೆಗಳ ಪತ್ರಿಕೆ ಕ್ಲಾರ್ಕ್ಸ್‌ವರ್ಲ್ಡ್ 2023ರ ಫೆಬ್ರವರಿ 20ರಂದು ಯಂತ್ರ ಬರೆದ ಕತೆಗಳ ಪ್ರವಾಹ ತಾಳಲಾರದೆ ಹೊಸ ಕತೆಗಳಿಗೆ ಬಾಗಿಲು ಮುಚ್ಚಿ, ಮಾರ್ಚ್‌ನಲ್ಲಿ ಮತ್ತೆ ತೆರೆಯಿತು. ಹಾಗಾಗಿ ಈಗ ಹಲವು ಕಡೆ ಎಐ (ಕೃತಕ ಬುದ್ಧಿಮತ್ತೆ) ಬಳಸಿಲ್ಲ ಎಂಬ ಘೋಷಣೆ ಕೇಳುತ್ತಾರೆ. ಕನ್ನಡ ಕತೆಯನ್ನು ಯಂತ್ರಾನುವಾದ ಮಾಡಿ ಕಳಿಸಿದರೂ ಈ ನಿಯಮ ಮುರಿದಂತೆಯೇ ಆಗಬಹುದು. ಅನುವಾದ ನಿಮ್ಮ ಕೈಯಿಂದಲೋ ಅನುವಾದಕರಿಂದಲೋ ಆಗಿರಲಿ.

ಇನ್ನೊಂದು ಗುಂಡಿ ಪ್ರಥಮ ಪ್ರಕಟಣೆಯ ಹಕ್ಕು. ಫೇಸ್‌ಬುಕ್ ಗೋಡೆಯ ಮೇಲೆ, ಬ್ಲಾಗಿನಲ್ಲಿ, ಪ್ರತಿಲಿಪಿ ತಾಣದಲ್ಲಿ ಇಡೀ ಕತೆ ಹಾಕಿದರೆ ಅದು ಪ್ರಕಟವಾದಂತೆ, ಆ ಹಕ್ಕು ಮುಗಿದಂತೆ. ಆಮೇಲೆ ಅಳಿಸಿದರೂ ಪ್ರಯೋಜನವಿಲ್ಲ. ಕನ್ನಡದಲ್ಲಿ ಮಾತ್ರ ಅಚ್ಚಾದ ಕತೆಯ ಇಂಗ್ಲಿಷ್ ರೂಪವನ್ನು ಹೊಸದೆಂದೇ ತೆಗೆದುಕೊಳ್ಳುವ ಪತ್ರಿಕೆಗಳಿವೆ, ಏಕೆಂದರೆ ಅವು ಕೊಳ್ಳುವುದು ಇಂಗ್ಲಿಷಿನ ಪ್ರಥಮ ಹಕ್ಕು. ಆದರೆ ಮೊದಲ ಪ್ರಕಟಣೆಯ ವಿವರವನ್ನು ಪತ್ರದಲ್ಲೇ ತಿಳಿಸಬೇಕು. ಕನ್ನಡದ ಕಥಾಸ್ಪರ್ಧೆಗಳಲ್ಲಿ ಇದಕ್ಕೆ ತಿರುವುಮುರುವು. 'ಸ್ವಂತ ರಚನೆ, ಅನುವಾದವಲ್ಲ, ಎಲ್ಲೂ ಪ್ರಕಟವಾಗಿಲ್ಲ' ಎಂಬ ದೃಢೀಕರಣ ಕೊಟ್ಟಿರುತ್ತೀರಿ, ಹಾಗಾಗಿ ಇಂಗ್ಲಿಷಿನಲ್ಲಿ ಬಂದ ಕತೆಯನ್ನು ಅಲ್ಲಿಗೆ ಕಳಿಸುವಂತಿಲ್ಲ. ಅಲ್ಲಿಗೆ ಕಳಿಸುವ ಬೇರೆ ಕತೆಗಳನ್ನು ಯೂನಿಕೋಡ್‌ನಲ್ಲಿ ಕಳಿಸಿ, ಜೊತೆಗೆ ಪಿಡಿಎಫ್ ಇಡಿ. 'ನುಡಿ' ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತದೆ.

ಈಗ ವಿಷಾದಪತ್ರ, ಅಂದರೆ 'ಬೇಡ' ಎಂಬ ಉತ್ತರ. ಇದನ್ನು ಓದುವುದೂ ಕಲಿಯಬೇಕಾದ ವಿದ್ಯೆ. ಖಾತೆಯ ಏಳನೆಯ ಕಾಲಮ್ಮಿನಲ್ಲಿ ನಾಲ್ಕು ಬಗೆ ಇಟ್ಟುಕೊಳ್ಳಿ. ಮೊದಲನೆಯದು ಎಲ್ಲರಿಗೂ ಹೋಗುವ ಅಚ್ಚಿನ ಉತ್ತರ: ಧನ್ಯವಾದ, ಈ ಕತೆ ನಮಗೆ ಹೊಂದುವುದಿಲ್ಲ, ಶುಭವಾಗಲಿ. ಇದರಲ್ಲಿ ಅರ್ಥ ಹುಡುಕಬೇಡಿ. ಅದೇ ರೀತಿಯ ಕತೆ ಅವರು ಕಳೆದ ವಾರ ಕೊಂಡಿರಬಹುದು, ಪತ್ರಿಕೆಯ ಪರವಾಗಿ ಮೊದಲು ಓದುವವರಿಗೆ ಎರಡನೆಯ ಪುಟದಲ್ಲಿ ಆಸಕ್ತಿ ಹೋಗಿರಬಹುದು. ಯಾವುದೆಂದು ಆ ಉತ್ತರದಿಂದ ಗೊತ್ತಾಗುವುದಿಲ್ಲ. ಎರಡನೆಯದೂ ಅಚ್ಚಿನದೇ, ಆದರೆ 'ನಿಮ್ಮ ಮುಂದಿನ ಕತೆಗೆ ಕಾಯುತ್ತೇವೆ' ಎಂಬ ಅರ್ಥದ ಸಾಲು ಹೆಚ್ಚಿಗೆ ಇರುತ್ತದೆ. ಹಲವು ಪತ್ರಿಕೆಗಳು ಆ ಸಾಲನ್ನು ಎಲ್ಲರಿಗೂ ಬರೆಯುವುದಿಲ್ಲ. ಒಂದೇ ಪತ್ರಿಕೆಯಿಂದ ಬಂದ ಮೂರು ನಾಲ್ಕು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಪದಪದ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಎಂಟನೆಯ ಕಾಲಮ್ಮಿನಲ್ಲಿ ಅವರ ಮಾತನ್ನು ಇದ್ದಂತೆಯೇ ನಕಲು ಮಾಡಿಡಬೇಕು ಎನ್ನುವುದು ಇದಕ್ಕೇ.

ಮೂರನೆಯದು ನಿಮ್ಮ ಕತೆಯ ಬಗ್ಗೆಯೇ ಬರೆದ ಉತ್ತರ. ಪಾತ್ರದ ಹೆಸರೋ ಕೊನೆಯ ದೃಶ್ಯವೋ ಅದರಲ್ಲಿ ಬಂದಿರುತ್ತದೆ. 'ಲೋಕ ಚೆನ್ನಾಗಿದೆ, ಆದರೆ ಮುಕ್ತಾಯ ಅವಸರವಾಯಿತು' ಎಂದು ಒಬ್ಬರು ಬರೆದರೆ ಮಾತನ್ನು ದಾಖಲಿಸಿ, ಕತೆಯನ್ನು ಮುಟ್ಟದೆ ಮುಂದಿನ ಕಡೆಗೆ ಕಳಿಸಿ. ಇಬ್ಬರು ಸಂಪಾದಕರು ಒಂದೇ ಜಾಗಕ್ಕೆ ಬೆರಳಿಟ್ಟರೆ ನಿಲ್ಲಿಸಿ, ಆ ದೃಶ್ಯವನ್ನು ತಿದ್ದಿ. ಪ್ರತಿ ಉತ್ತರಕ್ಕೂ ತಿದ್ದುತ್ತ ಹೋದರೆ ಕತೆ ನಿಮ್ಮದಾಗಿ ಉಳಿಯುವುದಿಲ್ಲ. ತಿದ್ದಿದ ಕತೆಯನ್ನು, ಕೇಳದ ಹೊರತು ಅದೇ ಪತ್ರಿಕೆಗೆ ಮತ್ತೆ ಕಳಿಸಬಾರದು. ನಾಲ್ಕನೆಯದು ತಿದ್ದಿ ಕಳಿಸಿ ಎಂಬ ಆಹ್ವಾನ ಅಥವಾ 'ಎರಡನೆಯ ಸುತ್ತಿಗೆ ಹಿಡಿದಿಟ್ಟಿದ್ದೇವೆ' ಎಂಬ ಸುದ್ದಿ. ಅದು ಸ್ವೀಕಾರವಲ್ಲ. ಆದರೆ ತಿದ್ದಲು ಕೇಳಿದ್ದರೆ ಬೇರೆ ಕಡೆಯ ಉತ್ತರಕ್ಕಿಂತ ಮೊದಲು ಇದಕ್ಕೆ ಕೈಹಾಕಿ, ಎರಡು ಮೂರು ವಾರದಲ್ಲಿ ತಿದ್ದಿ ಕಳಿಸಿ.

ಯಾವ ವಿಷಾದಪತ್ರಕ್ಕೂ ಮರುತ್ತರ ಬರೆಯಬೇಡಿ, ಧನ್ಯವಾದಕ್ಕೂ. ಓದುವವರ ಪೆಟ್ಟಿಗೆಯಲ್ಲಿ ನೂರಾರು ಕತೆ ಕಾದಿರುತ್ತವೆ. ಉತ್ತರ ಬಂದಮೇಲೆ 7 ದಿನ ಬಿಟ್ಟು ಹೊಸ ಕತೆ ಕಳಿಸಿ ಎಂಬಂಥ ನಿಯಮ ಕೆಲವು ಕಡೆ ಇದೆ, ಅದನ್ನೂ ಖಾತೆಯಲ್ಲಿ ಗುರುತು ಹಾಕಿ.

ವರ್ಷದ ಕೊನೆಗೆ ಲೆಕ್ಕ ಹೊರಗೆ ಹೇಳುವ ಒಳ್ಳೆಯ ರೂಢಿ ಈ ಲೇಖಕರ ನಡುವೆ ಇದೆ: ಇಷ್ಟು ಕಳಿಸಿದೆ, ಇಷ್ಟು ಹಿಂದೆ ಬಂದವು, ಇಷ್ಟು ಸ್ವೀಕಾರ. ಹೊಸಬರಿಗೆ ಇದರಷ್ಟು ಧೈರ್ಯ ಕೊಡುವುದು ಬೇರೆ ಇಲ್ಲ, ಖಂಡಿತ ಮಾಡಿ. ವರ್ಷಕ್ಕೆ 100 ವಿಷಾದಪತ್ರ ಗಳಿಸುವ ಗುರಿ ಇಟ್ಟುಕೊಳ್ಳುವವರೂ ಇದ್ದಾರೆ. ಆ ಸಂಖ್ಯೆ ತುಂಬಿಸಲೆಂದೇ ಪತ್ರಿಕೆಯ ಒಂದು ಸಂಚಿಕೆಯನ್ನೂ ಓದದೆ ಕಳಿಸುವುದಾದರೆ ಮಾತ್ರ ಗುರಿ ಕೆಟ್ಟಂತೆ. ಹೇಳುವಾಗ ಸಂಖ್ಯೆ ಹೇಳಿ, ಪತ್ರಗಳನ್ನು ಹಾಕಬೇಡಿ. ಸಂಪಾದಕರು ನಿಮಗೆಂದು ಬರೆದ ಮಾತಿನ ಸ್ಕ್ರೀನ್‌ಶಾಟ್ ಹೊರಗೆ ಬಂದರೆ ಅವರು ಇನ್ನೊಬ್ಬರಿಗೆ ಅಷ್ಟು ಬಿಚ್ಚಿ ಬರೆಯಲು ಹಿಂಜರಿಯುತ್ತಾರೆ. ಪರಿಶೀಲನೆಯಲ್ಲಿರುವ ಕತೆಯ ಹೆಸರನ್ನೂ ಹೇಳಬಾರದು. ಅನಾಮಧೇಯವಾಗಿ ಓದುವ ಕಡೆ, ಕನ್ನಡದ ಸ್ಪರ್ಧೆಗಳಲ್ಲಿ ಕೂಡ, ಹೆಸರು ಬಯಲಾದರೆ ಕತೆ ಸ್ಪರ್ಧೆಯಿಂದಲೇ ಹೊರಗೆ ಬೀಳಬಹುದು.

ಸ್ವೀಕಾರದ ಮೇಲ್ ಬಂದ ಕ್ಷಣ ಸಂತೋಷ ತಡೆಯುವುದು ಕಷ್ಟ. ಆದರೂ ಕರಾರಿಗೆ ಎರಡೂ ಕಡೆಯ ಸಹಿ ಬೀಳುವವರೆಗೆ ಸುದ್ದಿ ಮನೆಯೊಳಗಿರಲಿ. ಕರಾರಿನಲ್ಲಿ ನೋಡಬೇಕಾದ್ದು: ಯಾವ ಹಕ್ಕು, ಎಷ್ಟು ತಿಂಗಳು ಅವರಿಗೆ ಮಾತ್ರ, ದುಡ್ಡು ಒಪ್ಪಿದಾಗಲೋ ಪ್ರಕಟವಾದಾಗಲೋ, ಇಂತಿಷ್ಟು ಕಾಲದಲ್ಲಿ ಪ್ರಕಟಿಸದಿದ್ದರೆ ಹಕ್ಕು ನಿಮಗೆ ಮರಳುತ್ತದೆಯೇ. 'ಎಲ್ಲ ಹಕ್ಕುಗಳೂ' ಎಂಬ ಮಾತಿದ್ದರೆ ಸಹಿ ಹಾಕಬೇಡಿ, ಬದಲಿಸಲು ಕೇಳಿ. ಸಿನಿಮಾ, ಅನುವಾದದ ಹಕ್ಕು ನಿಮ್ಮಲ್ಲೇ ಇರಬೇಕು, ಕನ್ನಡದ್ದಂತೂ ಬಿಡಲೇಬಾರದು. ಏಕಕಾಲಕ್ಕೆ ಹಲವೆಡೆ ಕಳಿಸಲು ಅನುಮತಿ ಇದ್ದ ಕತೆಯಾದರೆ ಉಳಿದ ಕಡೆಯಿಂದ ಅದೇ ದಿನ ಹಿಂದಕ್ಕೆ ಪಡೆಯಿರಿ. ಸುದ್ದಿಯನ್ನು ಯಾವಾಗ ಹೊರಗೆ ಹೇಳಬಹುದು ಎಂದು ಸಂಪಾದಕರನ್ನು ಕೇಳಿ.

ಅಮೆರಿಕದ ಪತ್ರಿಕೆ ಡಬ್ಲ್ಯು-8ಬೆನ್ ನಮೂನೆ (ಹೊರದೇಶದವರು ತುಂಬುವ ಅಲ್ಲಿನ ತೆರಿಗೆ ನಮೂನೆ) ಕೇಳಬಹುದು. ಭಾರತದಲ್ಲಿರುವವರು ಅದರಲ್ಲಿ ವಿದೇಶಿ ತೆರಿಗೆ ಸಂಖ್ಯೆಯ ಜಾಗಕ್ಕೆ ಪ್ಯಾನ್ ಬರೆಯುತ್ತಾರೆ. ಸಹಿ ಹಾಕಿದ ವರ್ಷ ಬಿಟ್ಟು ಮುಂದಿನ ಮೂರನೆಯ ವರ್ಷದ ಡಿಸೆಂಬರ್ 31ರವರೆಗೆ ಅದು ಚಾಲ್ತಿ. ವಿದೇಶದ ಹಣ ತರಿಸುವ ಪೇಪಾಲ್‌ನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಪರ್ಪಸ್ ಕೋಡ್ (ಹಣ ಯಾವುದಕ್ಕೆ ಬಂತೆಂದು ತಿಳಿಸುವ ಸಂಕೇತ) ಮೂರನ್ನೂ ಮೊದಲೇ ತುಂಬಿಡಿ, ಇಲ್ಲದಿದ್ದರೆ ಬಂದ ಹಣ ಅಲ್ಲೇ ನಿಲ್ಲುತ್ತದೆ.

ಪ್ರಕಟವಾದ ಮೇಲೆ ವಿಮರ್ಶೆ. ಸಣ್ಣಕತೆಗಳನ್ನು ನಿಯಮಿತವಾಗಿ ವಿಮರ್ಶಿಸುವವು ಕಡಿಮೆ. 1968ರಿಂದ ಬರುತ್ತಿರುವ ಲೋಕಸ್ ಪತ್ರಿಕೆ, ಟ್ಯಾಂಜೆಂಟ್ ಆನ್‌ಲೈನ್ ಅಂಥವು. ನಿಮ್ಮ ಕತೆಗೆ ಒಂದು ವಾಕ್ಯ ಸಿಕ್ಕರೂ ದಿನಾಂಕದೊಂದಿಗೆ ಖಾತೆಯ ಇನ್ನೊಂದು ಹಾಳೆಯಲ್ಲಿ ಬರೆದಿಡಿ, ಪುಟದ ಪ್ರತಿಯನ್ನೂ ಉಳಿಸಿ, ತಾಣಗಳು ಮುಚ್ಚಿಹೋಗುತ್ತವೆ. ಹಂಚಿಕೊಳ್ಳುವಾಗ ಒಂದೆರಡು ವಾಕ್ಯ ಮತ್ತು ಕೊಂಡಿ ಸಾಕು. 'ಭಾಷೆ ಸೊಗಸಾಗಿದೆ, ಕತೆ ನಿಲ್ಲುವುದಿಲ್ಲ' ಎಂದು ಬರೆದವರ ಮಾತಿನಿಂದ ಮೊದಲರ್ಧ ಮಾತ್ರ ಕತ್ತರಿಸಿ ಹಾಕುವುದು ಮೋಸ. ಮೂಲ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಕಟುವಾದ ವಿಮರ್ಶೆಗೆ ಉತ್ತರ ಕೊಡಬೇಡಿ, ಗೆಳೆಯರನ್ನೂ ಛೂ ಬಿಡಬೇಡಿ. ಹೆಸರಿನ ಕಾಗುಣಿತ ತಪ್ಪಿದ್ದರೆ ಮಾತ್ರ ವಿನಯದ ಒಂದು ಸಾಲು ಬರೆಯಬಹುದು.

ವರ್ಷಾಂತ್ಯದಲ್ಲಿ ಹ್ಯೂಗೊ, ನೆಬ್ಯುಲಾ ಪ್ರಶಸ್ತಿಗಳ ನಾಮನಿರ್ದೇಶನಕ್ಕೆ ಅರ್ಹವಾದ ಕತೆಗಳ ಪಟ್ಟಿ ಹಾಕುವವರು ವರ್ಗ ಸರಿಯಾಗಿ ಬರೆಯಬೇಕು: 7,500 ಪದದೊಳಗೆ ಸಣ್ಣಕತೆ, ಅಲ್ಲಿಂದ 17,500ರೊಳಗೆ ನಾವೆಲೆಟ್, 40,000ದೊಳಗೆ ನಾವೆಲ್ಲಾ. ಪದಸಂಖ್ಯೆ ಖಾತೆಯಲ್ಲೇ ಇದೆ. ಕರಾರಿನ ವಿಶೇಷ ಹಕ್ಕಿನ, ಅಂದರೆ ಕತೆ ಅವರಿಗೆ ಮಾತ್ರ ಇರುವ ಅವಧಿ ಮುಗಿಯುವ ದಿನವನ್ನೂ ಅದೇ ಸಾಲಿನಲ್ಲಿ ಬರೆದಿಡಿ. ಆ ದಿನದ ಮರುದಿನ ಕತೆಯನ್ನು ಮರುಮುದ್ರಣ ಕೊಳ್ಳುವ ಪತ್ರಿಕೆಗೆ, ಆಡಿಯೊ ಪಾಡ್‌ಕ್ಯಾಸ್ಟ್‌ಗೆ ಕಳಿಸಬಹುದು. ಅಲ್ಲಿಗೆ ಹೊಸ ಸಾಲು ಶುರು.